ಅಚ್ಚಿಗೆ ಎಣ್ಣೆ

ನಾನೂರ ಹತ್ತು ಕಿಲೋ ಉಕ್ಕು.
ಕಪಾಟಿನ ಕೆಳಗಿನ ಅಂತಸ್ತಿನಲ್ಲಿ
ಮಲಗಿದ ಹೋರಿಯ ಹಾಗೆ, ಆರು ವರ್ಷದಿಂದ.
ಅದರ ಹೊಟ್ಟೆಯಲ್ಲಿರುವುದು ಒಂದು ಟೊಳ್ಳು,
ಎರಡು ಅಂಗೈಗೆ ಹಿಡಿಯುವಷ್ಟು.
ಮಿನಾವಾ ಕಂಪನಿಯ ಮೂರನೇ ಯಂತ್ರದ
ಕಂಟ್ರೋಲರಿನ ಮೇಲ್ಚಿಪ್ಪು ಹುಟ್ಟುತ್ತಿದ್ದದ್ದು ಅಲ್ಲಿ.

ಜೂನ್ ಜಡಿ ಹಿಡಿದರೆ ಒಸಾಕಾದ ಈ ಗಲ್ಲಿಯಲ್ಲಿ
ಬೀಗಕ್ಕೂ ಬೆವರು.
ಅಚ್ಚು ಬಿಚ್ಚುತ್ತೇನೆ, ಒರೆಸುತ್ತೇನೆ,
ಎಣ್ಣೆ ಸವರಿ ಮುಚ್ಚುತ್ತೇನೆ.
ಬಾಡಿಗೆ ಇಲ್ಲ. ಎಣ್ಣೆಯ ದುಡ್ಡೂ ಇಲ್ಲ.
ವರ್ಷಕ್ಕೊಮ್ಮೆ ಖರೀದಿ ವಿಭಾಗದ ಶಿಯೋಜುಕಾ ಫೋನು ಮಾಡಿ
"ಒರಿಹಾರಾ ಅವರೇ, ಸದ್ಯಕ್ಕೆ ಇಟ್ಟುಕೊಂಡಿರಿ" ಅನ್ನುತ್ತಾನೆ.
ಸದ್ಯಕ್ಕೆ.
ಮಗ್ಗುಲು ಬದಲಿಸದ ಪದ.

ಪಕ್ಕದ ಶೆಡ್ಡಿನ ಕುಗಿಮಿಯಾ
ಚಹಾ ಹೀರುತ್ತ ಪೇಪರು ಓದಿ ಹೇಳುತ್ತಾಳೆ:
ಮಿನಾವಾ ಇನ್ನು ಪೆಟ್ಟಿಗೆ ಮಾಡುವುದು ಬಿಡಲಿ,
ಆಟ ಮಾತ್ರ ಮಾಡಿ ಪರರ ಪೆಟ್ಟಿಗೆಗೆ ಮಾರಲಿ, ಅಂತ ಒಬ್ಬ.
ಪೆಟ್ಟಿಗೆಯೇ ಯಾರಿಗೂ ಬೇಡ,
ಆಟ ನಲ್ಲಿ ನೀರಿನಂತೆ ಮನೆಗೇ ಹರಿದು ಬರುತ್ತದೆ, ಅಂತ ಇನ್ನೊಬ್ಬ.
ನಾಲ್ಕನೆಯದು ತಂದರೆ ಮೂರನೆಯದರ ಗತಿ,
ತರದಿದ್ದರೆ ಷೇರು ನೆಲ ಕಚ್ಚೀತು,
ಇವೆರಡೂ ಒಂದೇ ಬಾಯಿಯ ಮಾತು, ಒಂದೇ ಪುಟದಲ್ಲಿ.
ಕುಗಿಮಿಯಾ ಪೇಪರು ಮಡಚಿ ಬಾಗಿಲ ಸಂದಿಗೆ ಸಿಕ್ಕಿಸುತ್ತಾಳೆ.
ಅವಳು ಆ ಯಂತ್ರಕ್ಕೆಂದೇ ಸುತ್ತಿದ ಸ್ಪ್ರಿಂಗು
ಒಂಬತ್ತು ಡಬ್ಬಿ ಅಟ್ಟದ ಮೇಲಿದೆ,
ಒಮ್ಮೆಯೂ ಒತ್ತಿಸಿಕೊಳ್ಳದೆ.

ನನಗೆ ಷೇರು ತಿಳಿಯದು. ತಿಳಿದದ್ದು ಹೆಬ್ಬೆರಳು.
ಆಗ ವಿನ್ಯಾಸದ ಹುಡುಗಿ, ನಗಿಸಾ ಅಂತ,
ಏಳು ಸಲ ರೈಲು ಹತ್ತಿ ಬಂದಳು.
ಹೆಬ್ಬೆರಳು ಕೂರುವ ಕುಳಿ ಆಳವಾಯಿತು,
ಇನ್ನೊಂದು ಕೂದಲೆಳೆ ತಗ್ಗಲಿ, ಅಂತ.
ಚಿಪ್ಪಿನ ಕುಳಿ ಅಚ್ಚಿನಲ್ಲಿ ಉಬ್ಬು;
ನಮ್ಮ ಕಸುಬೇ ತಿರುವುಮುರುವು.
ಬಿದಿರು ಕಡ್ಡಿಯ ತುದಿಗೆ ವಜ್ರದ ಪುಡಿ ಹಚ್ಚಿ
ಉಸಿರು ಹಿಡಿದು ಉಜ್ಜಿದೆ.
ಉಜ್ಜಿ ತೆಗೆದ ಉಕ್ಕನ್ನು ಮತ್ತೆ ಹಚ್ಚಲಾಗದು.
ಎಂಟನೇ ಸಲ ಅವಳು ಏನೂ ಅನ್ನಲಿಲ್ಲ,
ಹೊಸ ಚಿಪ್ಪಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಿಂತಳು.
ಕೆಟಲು ಕೂಗುತ್ತಲೇ ಇತ್ತು.

ಯಂತ್ರ ಸೋತಿತು.
ಬೆಲೆ ಜಾಸ್ತಿ, ಆಟ ಕಡಿಮೆ, ಬಂದ ಕಾಲ ತಪ್ಪು.
ಕುಳಿಯನ್ನು ಯಾರೂ ದೂರಲಿಲ್ಲ.
ಹೊಗಳಲೂ ಇಲ್ಲ.

ಈ ಸೋಮವಾರ ಶಿಯೋಜುಕಾ ತಾನೇ ಬಂದ, ಟೈ ಇಲ್ಲದೆ,
ಸಿಹಿ ಹೂರಣದ ಪೊಟ್ಟಣ ಹಿಡಿದು.
ಸಿಹಿ ತಂದರೆ ಸುದ್ದಿ ಕಹಿ, ನಲವತ್ತು ವರ್ಷದ ಲೆಕ್ಕ ಇದು.
ಗುಜರಿಯವನ ನಂಬರು ನೆನಪು ಮಾಡಿಕೊಂಡೆ.
ಅವನು ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು,
"ಗುರುವಾರ ಸಭೆ. ನಾಲ್ಕನೆಯದು ಉಂಟೋ ಇಲ್ಲವೋ, ಅಂದೇ."
"ಏನಾದೀತು?"
"ಐದು ಕುರ್ಚಿ ಹೂಂ, ಐದು ಊಹೂಂ.
ಹನ್ನೊಂದನೆಯದು ಆಸ್ಪತ್ರೆಯಲ್ಲಿದೆ."

ಆಮೇಲೆ ಚೀಲದಿಂದ ಹಳೆಯ ಕಂಟ್ರೋಲರೊಂದನ್ನು ತೆಗೆದ.
ಅಕಿತಾದ ಬಸ್ ಡ್ರೈವರಮ್ಮ ಒಬ್ಬಳದು, ರಿಪೇರಿಗೆ ಬಂದದ್ದು.
ಇಂಥವು ಬರುತ್ತಲೇ ಇವೆಯಂತೆ,
ಎಲ್ಲವೂ ಅದೇ ಜಾಗದಲ್ಲಿ ಸವೆದು.
ಬೆರಳಿಟ್ಟು ನೋಡಿದೆ.
ನಾನು ತಗ್ಗಿಸಿದ ಕೂದಲೆಳೆಯನ್ನು
ಆಕೆಯ ಹೆಬ್ಬೆರಳು, ರಾತ್ರಿ ರಾತ್ರಿ ಕೂತು,
ಮತ್ತೆ ಅಗೆದಿತ್ತು.

"ಎರಡು ಸಾವಿರ ಚಿಪ್ಪು," ಅಂದ. "ಸ್ಪ್ರಿಂಗೂ ಬೇಕು.
ಮಾರಾಟಕ್ಕಲ್ಲ, ರಿಪೇರಿಗೆ.
ಸಭೆಗೆ ಇದರ ಸುದ್ದಿ ಹೋಗುವುದಿಲ್ಲ, ಸಣ್ಣ ಮೊತ್ತ."

ಸರಪಳಿ ಬಿಗಿದು ಇಬ್ಬರೂ ಅಚ್ಚು ಎತ್ತಿದೆವು.
ಅವನ ಬಿಳಿ ಅಂಗಿಗೆ ಎಣ್ಣೆ ಮೆತ್ತಿತು. ನೋಡಿಕೊಳ್ಳಲಿಲ್ಲ.

ಇನ್ನು ಬೂದು ಹರಳು ಎರಡು ಮೂಟೆ ತರಿಸಬೇಕು.
ಗೋಡೆ ತಟ್ಟಿ ಕುಗಿಮಿಯಾಳಿಗೆ ಹೇಳಬೇಕು,
ಒಂದು ಡಬ್ಬಿ ಇಳಿಸು ಅಂತ.
ಬುಧವಾರ ನಸುಕಿಗೇ ಪ್ರೆಸ್ಸು ಕಾಯಿಸಬೇಕು.
ಮೊದಲ ಹತ್ತು ಚಿಪ್ಪು ನೆಟ್ಟಗೆ ಬರುವುದಿಲ್ಲ,
ಆರು ವರ್ಷದ ಎಣ್ಣೆ, ಕಲೆ ಬೀಳುತ್ತದೆ,
ಬಿಸಾಡುವುದೇ.
ಹನ್ನೊಂದನೆಯದರಿಂದ ಲೆಕ್ಕ.